ದುಂಬಿಯ ವೇಷದ ಪತಂಗ, ನಮ್ಮವ್ವನ ಸಾಕ್ಷಿ

ಈ ಸಲ ಚಳಿ ಬೀಳುವ ಮುಂಚೆ ಶಾಲುಗಳ ಪೆಟ್ಟಿಗೆ ತೆರೆದಾಗ ಡಾಂಬರ ಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಲೋಕದ ಉಳಿದ ಮನೆಗಳಲ್ಲಿ ಈ ಬಿಳಿ ಗುಳಿಗೆಗೆ ಒಂದೇ ಉದ್ಯೋಗ: ಪತಂಗ ಬಂದು ಉಣ್ಣೆಯಲ್ಲಿ ತತ್ತಿ ಇಡದಂತೆ ಕಾಯುವುದು. ನಮ್ಮ ಮನೆಯಲ್ಲಿ ಒಂದು ಮಳೆಗಾಲ ಪೂರ್ತಿ ಅದಕ್ಕೆ ಎರಡು ನೌಕರಿ ಇದ್ದವು. ಪೆಟ್ಟಿಗೆಯಲ್ಲಿ ಪತಂಗವನ್ನು ಓಡಿಸುವುದು ಒಂದು. ಗಾಜಿನ ಮುಚ್ಚಳದ ಡಬ್ಬಿಯಲ್ಲಿ ಸೂಜಿಗೆ ಚುಚ್ಚಿಟ್ಟ ಪತಂಗವನ್ನು ಕಾಪಾಡುವುದು ಇನ್ನೊಂದು. ವಾದಿ ಪ್ರತಿವಾದಿ ಇಬ್ಬರ ವಕೀಲಿಕೆಯನ್ನೂ ಒಬ್ಬನೇ ನಡೆಸಿದ್ದನ್ನು ನಾನು ಗಡಹಿಂಗ್ಲಜದ ಕೋರ್ಟಿನಲ್ಲಿಯೂ ಕಂಡಿಲ್ಲ. ಶಾಲು ಹೊರಗೆ ತೆಗೆಯುವುದನ್ನು ಮರೆತು ಪೆಟ್ಟಿಗೆಯ ಮುಂದೆ ಸುಮ್ಮನೆ ಕುಳಿತೆ.

ನಾನು ಗಡಹಿಂಗ್ಲಜದಲ್ಲಿ ಬೆಲ್ಲ, ಮೆಣಸಿನಕಾಯಿಯ ಅಡತಿ ಅಂಗಡಿ ಇಟ್ಟವನು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಜಗಳಕ್ಕೆ ಎರಡೂ. ಹೆಂಡತಿ ಗಿರಿಜಾ ಇಚಲಕರಂಜಿಯವಳು. ಬಿಎಸ್ಸಿ ಮುಗಿಸಿದ ಬೇಸಿಗೆಯಲ್ಲೇ ನನಗೆ ಕಟ್ಟಿದರು. ಮುಂದೆ ಓದುವ ಆಸೆ ಇತ್ತೆಂದು ಆಗ ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ. ಮಗಳು ಮಿರಜಿಗೆ ನರ್ಸಿಂಗ್ ಓದಲು ಹೋದ ವರ್ಷ, ಒಂದು ಮಧ್ಯಾಹ್ನ ರೊಟ್ಟಿಯ ಮೇಲೆ ಜುಣಕ ಹಾಕುತ್ತ ಹಾಕುತ್ತ ಹೇಳಿದಳು:

"ಏನ್ರಿ, ನಾ ಎಂಎಸ್ಸಿ ಮಾಡಬೇಕಂತ ಮಾಡೇನಿ. ಪ್ರಾಣಿಶಾಸ್ತ್ರ."

"ಮನ್ಯಾಗಿರೂ ಪ್ರಾಣಿ ಸಾಲೂದಿಲ್ಲೇನು?" ಎಂದೆ. ವಿನೋದವೆಂಬುದು ನನ್ನ ಕಡೆಯಿಂದಲೇ ಹೊರಡಬೇಕೆಂಬ ಹಳೆಯ ನಂಬಿಕೆ ನನ್ನದು.

"ಸಾಲತಾವು. ಆದ್ರ ಇವುಕ್ಕ ಮಾರ್ಕ್ಸ್ ಕೊಡೂದಿಲ್ಲ ನೋಡ್ರಿ," ಎಂದು ಇನ್ನೊಂದು ರೊಟ್ಟಿ ಹಾಕಿದಳು. ಅಲ್ಲಿಗೆ ಠರಾವು ಪಾಸಾಯಿತು.

ಮೊದಲ ವರ್ಷ ಮುರಗೂಡದ ಮೇಲೆ ಹೋಗುವ ಬಸ್ಸಿನಲ್ಲಿ ಕೊಲ್ಲಾಪುರಕ್ಕೆ ಹೋಗಿ ಬರುವುದರಲ್ಲೇ ಕಳೆಯಿತು. ನಾನು ಹೇಳಹೊರಟದ್ದು ಎರಡನೆಯ ವರ್ಷದ ಮಳೆಗಾಲ. ಆ ಮಳೆಗಾಲದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ವಿಷಯ ಹಿಡಿದು ಸ್ವಂತ ಅಭ್ಯಾಸ ಮಾಡಿ, ಕೊನೆಗೆ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಕುಳಿತು ಅದನ್ನು ಸಮರ್ಥಿಸಬೇಕು. ಗಿರಿಜಾ ಹಿಡಿದ ವಿಷಯ: ಬೇರೆ ಹುಳಗಳ ವೇಷ ಹಾಕುವ ಪತಂಗಗಳು. ಕಣಜದಂತೆ, ಜೇನಿನಂತೆ, ದುಂಬಿಯಂತೆ ಕಾಣುವ, ಹಗಲಲ್ಲಿ ಹಾರುವ ಪತಂಗಗಳು. ಪತಂಗ ಎಂದರೆ ರಾತ್ರಿ ದೀಪಕ್ಕೆ ಬಂದು ಬೀಳುವ ದಡ್ಡ ಪ್ರಾಣಿ ಎಂದು ತಿಳಿದಿದ್ದ ನನಗೆ, ಅದರ ಜಾತಿಯಲ್ಲೂ ಹಗಲುವೇಷಗಾರರು ಇದ್ದಾರೆಂಬುದು ಸುದ್ದಿ.

ಇಚಲಕರಂಜಿಯಲ್ಲಿ ಮಗ್ಗ ನಡೆಸುವ ಅವಳ ಅಣ್ಣ, ಪ್ರತಿ ವರ್ಷ ಭಾವನಾದ ನನಗೆಂದು ಧೋತರ ಕಳಿಸುವವನು, ಆ ವರ್ಷ ಒಂದು ಥಾನು ತೆಳು ಜಾಳಿಗೆ ಬಟ್ಟೆ ಕಳಿಸಿದ. ಅದರಲ್ಲಿ ಹುಳ ಹಿಡಿಯುವ ಬಲೆಯಾಯಿತು, ಹುಳ ಸಾಕುವ ಪಂಜರವಾಯಿತು, ಉಳಿದದ್ದರಲ್ಲಿ ಹಪ್ಪಳಕ್ಕೆ ಮುಸುಕಾಯಿತು. ಧೋತರ ಮಾತ್ರ ಆಗಲಿಲ್ಲ. ವಿಜ್ಞಾನಕ್ಕೆ ನನ್ನ ಮೊದಲ ತ್ಯಾಗ ಅದು.

ರವಿವಾರಗಳಂದು ನಾನು ಅವಳನ್ನು ಸ್ಕೂಟರಿನ ಮೇಲೆ ಆಜರಾ ರಸ್ತೆಗೆ ಒಯ್ಯುತ್ತಿದ್ದೆ. ಮಳೆ ನಿಂತು ಬಿಸಿಲು ಬಿದ್ದ ಗಳಿಗೆಯಲ್ಲಿ ಗದ್ದೆಯ ಬದುವಿನ ಹೂವಿನ ಮೇಲೆ ಹುಳ ಏಳುತ್ತಿದ್ದವು. ಮೊದಲ ದಿನವೇ, ಕಪ್ಪು ರೆಕ್ಕೆಯಲ್ಲಿ ಕಿಟಕಿಯಂಥ ಪಾರದರ್ಶಕ ಚುಕ್ಕೆಗಳಿದ್ದ, ಹೊಟ್ಟೆಗೆ ಹಳದಿ ಪಟ್ಟಿ ಕಟ್ಟಿದ ಒಂದು ಪ್ರಾಣಿ ನನ್ನ ಕಿವಿಯ ಬಳಿ ಹಾದುಹೋಯಿತು. ಸಣ್ಣವನಿದ್ದಾಗ ಕಣಜ ಕಡಿದು ಮುಖ ಕುಂಬಳಕಾಯಿಯಾದ ಅನುಭವವಿದ್ದ ನಾನು ಶಾಸ್ತ್ರೋಕ್ತವಾಗಿ ಓಡಿದೆ.

"ಅಯ್ಯ, ಕಡೀತೈತಿ ಬಿಡ ಗಿರಿಜಾ!"

ಅವಳು ಅದನ್ನು ಬಲೆಯಿಂದ ತೆಗೆದು ಬರಿ ಬೆರಳಿನಲ್ಲಿ ಹಿಡಿದು ನಿಂತಿದ್ದಳು. "ಇದಕ್ಕ ಕೊಂಡೀನ ಇಲ್ಲರಿ. ಬಾಯಿನೂ ಇಲ್ಲ ಅನ್ನೂ ಹಂಗ, ಬರೇ ಒಂದು ಸುರುಳಿ ನಳಿಗಿ. ಬರ್ರಿ ಈಕಡೆ."

ಗೇರುಬೀಜದ ಬುಟ್ಟಿ ಹೊತ್ತು ಹೊರಟಿದ್ದ ಒಬ್ಬ ಮುದುಕಿ ನಿಂತು ನೋಡಿ, "ಬಾಯಕೋ ಧರತೀಯಾ ಆನಿ ತುಮೀ ಪಳತಾಯ ವ್ಹಯ, ಶೇಠ?" ಎಂದು ನಕ್ಕಳು. ಹೆಂಡತಿ ಹಿಡಿಯುತ್ತಾಳೆ, ನೀವು ಓಡುತ್ತೀರಾ? ನಾನು ಚಪ್ಪಲಿಯೊಳಗಿನ ಕಲ್ಲು ತೆಗೆಯುವವನ ಹಾಗೆ ಬಗ್ಗಿದೆ.

ಆಮೇಲೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುವಾಗ ಗಿರಿಜಾ ನನಗೆ ವರ್ಗೀಕರಣ ಕಲಿಸಿದಳು. ಈ ವೇಷಗಾರರೆಲ್ಲ ಒಂದೇ ಮನೆತನದವರಲ್ಲ. ನನ್ನನ್ನು ಓಡಿಸಿದ್ದು, ಮೈತುಂಬ ಕೂದಲಿನ ಕಂಬಳಿ ಹುಳಗಳಾಗಿ ಹುಟ್ಟುವ ಪತಂಗಗಳ ಬಳಗದ್ದು. ಗಾಜಿನಂಥ ಕಿರಿದಾದ ರೆಕ್ಕೆಯ ಇನ್ನೊಂದು ಮನೆತನವಿದೆ. ಅದರ ಮರಿಗಳು ಕುಂಬಳ, ಪಡವಲದ ಬಳ್ಳಿಯ ಕಾಂಡ ಕೊರೆದು ಒಳಗೇ ಬೆಳೆಯುತ್ತವೆ. ಬಾಲಕ್ಕೆ ಕೊಂಬು ಇರುವ ದಪ್ಪ ಹುಳದಿಂದ ಬರುವ, ಗಿಡುಗದ ಹಾಗೆ ಜೋರಾಗಿ ಹಾರುವ ಮೂರನೆಯದು ಬೇರೆ. ಮೂವರೂ ಬೇರೆ ಬೇರೆ ಕಾಲದಲ್ಲಿ, ಒಬ್ಬರನ್ನೊಬ್ಬರು ಕೇಳದೆ, ಅದೇ ವೇಷಕ್ಕೆ ಬಂದು ಮುಟ್ಟಿದ್ದಾರೆ.

"ಪಾಟೀಲ ಇದ್ದಂಗ," ಎಂದೆ.

ಅವಳು ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದಳು. ನಮ್ಮ ಕಡೆ ಪಾಟೀಲ ಎಂಬುದು ಗೌಡಕಿಯಿಂದ ಬಂದ ಅಡ್ಡಹೆಸರು. ಮರಾಠಾ ಪಾಟೀಲ, ಲಿಂಗಾಯತ ಪಾಟೀಲ, ಜೈನ ಪಾಟೀಲ, ಮುಸಲ್ಮಾನ ಪಾಟೀಲ, ಎಲ್ಲರೂ ಇದ್ದಾರೆ. ಹೆಸರು ಒಂದೇ, ರಕ್ತ ಬೇರೆ. ಸಂಬಂಧ ನೋಡುವವರು ಅಡ್ಡಹೆಸರು ಕೇಳಿ ಸುಮ್ಮನಾಗುವುದಿಲ್ಲ, ಮನೆದೇವರು ಯಾವುದು, ಬೆಡಗು, ಅಂದರೆ ಕುಲದ ಬಳ್ಳಿ, ಯಾವುದು ಎಂದು ಕೇಳುತ್ತಾರೆ.

"ಬರೋಬ್ಬರಿ ಹೇಳಿದ್ರಿ," ಎಂದಳು ಗಿರಿಜಾ. "ರೆಕ್ಕಿ ಬಣ್ಣ ಅಂದ್ರ ಅಡ್ಡಹೆಸರು. ರೆಕ್ಕ್ಯಾಗಿನ ನರ, ಮೀಸಿ, ನಳಿಗಿ, ಇವು ಬೆಡಗು. ನಾವು ಬೆಡಗು ನೋಡಬೇಕು." ಮದುವೆಯಾದ ಮೇಲೆ ನನ್ನ ಮಾತಿಗೆ ಅವಳು ಬರೋಬ್ಬರಿ ಎಂದದ್ದು ಅದೇ ಮೊದಲಿರಬೇಕು. ಆ ಪಾಟೀಲರು ಮುಂದೆ ಅವಳ ಪ್ರಬಂಧದಲ್ಲಿ ಒಂದು ಅಡಿಟಿಪ್ಪಣಿಯಾಗಿ ನೆಲೆಸಿದರು.

ಇನ್ನು ಅವ್ವ. ನಮ್ಮವ್ವ ಗೌರವ್ವ, ಹಿತ್ತಲಲ್ಲಿ ಒಂದು ಅನಂತದ ಗಿಡ ಬೆಳೆಸಿದ್ದಳು. ಬಿಳಿ ಹೂವಿನ, ಗಂಧರಾಜ ಎಂದೂ ಕರೆಯುವ ಗಿಡ. ಆ ಹೂವಿಲ್ಲದೆ ಅವಳ ಲಿಂಗಪೂಜೆ ಆಗುತ್ತಿರಲಿಲ್ಲ. ಶ್ರಾವಣದ ಹೊಸ್ತಿಲಲ್ಲಿ, ಬಾಲಕ್ಕೆ ಕೊಂಬಿದ್ದ ಹಸಿರು ಹುಳಗಳು ಗಿಡವನ್ನು ಬೋಳಿಸಲು ಹತ್ತಿದವು.

"ಏ ಗಿರಿಜಾ, ಬಾರಗಿ ತಗೊಂಡು ಬಾ! ಹಾಳಾದ ಹುಳ ನನ್ನ ಗಿಡ ತಿಂದ ಮುಗಸಾಕತ್ತಾವ!"

ಗಿರಿಜಾ ಬಂದಳು, ಕಸಬರಿಗೆ ತರಲಿಲ್ಲ. ಹುಳ ನೋಡಿದವಳೇ ಕೆಸರಿನಲ್ಲಿ ಮೊಣಕಾಲೂರಿ ಕುಳಿತಳು. ಅವಳು ಎರಡು ತಿಂಗಳಿನಿಂದ ಹುಡುಕುತ್ತಿದ್ದ, ದುಂಬಿಯ ವೇಷದ ಪತಂಗದ ಮರಿಗಳು ಅವು. ಆಜರಾ ರಸ್ತೆಯಲ್ಲಿ ಸುಟ್ಟ ಪೆಟ್ರೋಲನ್ನು ನೆನೆದು ನಾನು ಮನಸ್ಸಿನಲ್ಲೇ ಶಾಂತಿಪಾಠ ಹೇಳಿಕೊಂಡೆ. ದಿನಕ್ಕಿಷ್ಟು ಎಲೆ, ಅದಕ್ಕೆ ಬದಲಾಗಿ ಉಳಿದ ಗಿಡಕ್ಕೆ ಅಭಯ ಎಂಬ ಕರಾರಿನ ಮೇಲೆ ಹುಳಗಳು ಇಚಲಕರಂಜಿಯ ಬಟ್ಟೆಯ ಪಂಜರಕ್ಕೆ ಹೋದವು. ಪಂಜರದ ತಳದಲ್ಲಿ ಒಂದು ತಗಡಿನ ತಟ್ಟೆ ತುಂಬ ಮಣ್ಣು; ಬೆಳೆದ ಹುಳ ಅದರೊಳಗೆ ಇಳಿದು ಕೋಶವಾಗಿ ಮಲಗಬೇಕು.

ಆ ಪತಂಗದ ವಿಶೇಷವನ್ನು ಅವಳ ಕಾಲೇಜಿನ ಮೇಡಂ ಒತ್ತಿ ಒತ್ತಿ ಹೇಳಿದ್ದರಂತೆ. ಅದರ ರೆಕ್ಕೆ ಗಾಜು, ಥೇಟ್ ದುಂಬಿಯದು. ಆದರೆ ಕೋಶದಿಂದ ಹೊರಬಂದ ಗಳಿಗೆಯಲ್ಲಿ ಹಾಗಿರುವುದಿಲ್ಲ. ಎಲ್ಲ ಪತಂಗಗಳ ಹಾಗೆ ರೆಕ್ಕೆಯ ತುಂಬ ಬೂದು ಪುಡಿ ಹೊತ್ತುಕೊಂಡೇ ಬರುತ್ತದೆ. ಮೊದಲ ಸಲ ರೆಕ್ಕೆ ಬಡಿದಾಗ ಪುಡಿಯೆಲ್ಲ ಉದುರಿ ಗಾಜು ಉಳಿಯುತ್ತದೆ. ಅಜ್ಜ ಮುತ್ತಜ್ಜರ ಅಂಗಿ ತೊಟ್ಟು ಹುಟ್ಟಿ, ಮೊದಲ ಹೆಜ್ಜೆಗೇ ಅದನ್ನು ಕಳಚಿ ಎಸೆದಂತೆ. ಪುಡಿ ಇದ್ದದ್ದೊಂದು, ಇಲ್ಲದ್ದೊಂದು, ಪಕ್ಕಪಕ್ಕ ಸೂಜಿಗೆ ಚುಚ್ಚಿ ತೋರಿಸಿದರೆ ಅಭ್ಯಾಸ ಗಟ್ಟಿ. ಇಲ್ಲದಿದ್ದರೆ ಬರಿ ಫೋಟೋ ಆಲ್ಬಂ. ಗಾಜಿನ ರೆಕ್ಕೆಯದು ಒಂದು, ಜೇಡದ ಬಲೆಯಲ್ಲಿ ಸತ್ತದ್ದು, ಅವಳಿಗೆ ಆಗಲೇ ಸಿಕ್ಕಿತ್ತು. ಪುಡಿಯಿದ್ದದ್ದು ಬೇಕಾದರೆ, ಅದು ಹುಟ್ಟಿದ ಕೂಡಲೇ, ರೆಕ್ಕೆ ಬಡಿಯುವ ಮೊದಲೇ ಕೊಲ್ಲಬೇಕು.

ಇಲ್ಲಿಗೆ ಕಥೆ ಫ್ರಿಜ್ಜಿಗೆ ಬರುತ್ತದೆ. ಆಜರಾದಿಂದ ತಂದ ಕಣಜವೇಷದ ಪತಂಗಗಳನ್ನು ಗಿರಿಜಾ ಒಂದು ಐಸ್‌ಕ್ರೀಮ್ ಡಬ್ಬಿಯಲ್ಲಿ ಹಾಕಿ ಬರ್ಫದ ಖಾನೆಯಲ್ಲಿಡುತ್ತಿದ್ದಳು, ನೋವಿಲ್ಲದ ಮರಣವಂತೆ. ಐಸ್‌ಕ್ರೀಮೆಂದರೆ ಅವ್ವನಿಗೆ ಪ್ರಾಣ. ಒಂದು ಮಧ್ಯಾಹ್ನ ಒಳಗಿನಿಂದ ಬಂದ ಕೂಗಿಗೆ ಪಕ್ಕದ ಗಾಣದ ಮನೆಯ ಶಾಂತವ್ವ ಕಾಂಪೌಂಡ್ ಹತ್ತಿ ಇಣುಕಿದಳು. ಅವ್ವ ಚಮಚ ಕೈಯಲ್ಲಿ ಹಿಡಿದು ನಡುಮನೆಯಲ್ಲಿ ನಿಂತು ಶಾಸನ ಹೊರಡಿಸಿದಳು:

"ಇವತ್ತಿನಿಂದ ಈ ಹೊಸ್ತಿಲದೊಳಗ ಒಂದು ಜೀವ ಕೊಲ್ಲಂಗಿಲ್ಲ. ಕೇಳಿದೇನು ಗಿರಿಜಾ?"

"ಅವ್ವಾರ, ನೀವು ದಿನಾ ಸಂಜೀಕ ಸೊಳ್ಳಿ ಹೊಡೀತೀರಲ್ಲರಿ?"

"ಅವು ನನ್ನ ಕಡದಾವ. ಇದು ಯಾರನ್ನ ಕಡದೈತಿ?"

ತಾಯಿ ಮತ್ತು ಹೆಂಡತಿಯ ನಡುವೆ ನಾನು ಯಾವತ್ತೂ ರಾಷ್ಟ್ರಪತಿಯ ಹಾಗೆ ಇದ್ದವನು: ಎಲ್ಲವೂ ನನ್ನ ಹೆಸರಿನಲ್ಲಿ ನಡೆಯುತ್ತದೆ, ಯಾವುದೂ ನನ್ನ ಕೈಯಲ್ಲಿರುವುದಿಲ್ಲ. ಡಬ್ಬಿಗಳೆಲ್ಲ ನನ್ನ ಅಂಗಡಿಗೆ ಸಾಗಿದವು. ಆದರೆ ಅನಂತದ ಹುಳಗಳು ಮನೆಯಲ್ಲೇ ಇದ್ದವು, ಹುಟ್ಟಬೇಕಾದದ್ದೂ ಅಲ್ಲೇ.

ಶ್ರಾವಣವೆಂದರೆ ಮಠದಲ್ಲಿ ತಿಂಗಳಿಡೀ ಪ್ರವಚನ. ಕೀಡಿಯನ್ನು ಹಿಡಿದು ತಂದು ಕುಂಡಲಿ ಹುಳ ತನ್ನ ಮಣ್ಣಿನ ಗೂಡಿನಲ್ಲಿಟ್ಟು ಗುಂಯ್‌ಗುಡುತ್ತದೆ; ಆ ನಾದವನ್ನೇ ಧ್ಯಾನಿಸಿ ಧ್ಯಾನಿಸಿ ಕೀಡಿಯೂ ಕುಂಡಲಿಯಾಗುತ್ತದೆ; ಹಾಗೆ ಭಕ್ತ ಶಿವನಾಗುತ್ತಾನೆ. ಈ ದೃಷ್ಟಾಂತ ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಅವ್ವ ಅದನ್ನು ಕೇಳಿ ಬಂದ ಮರುದಿನವೇ ನಮ್ಮ ಪಂಜರದಲ್ಲಿ ಒಂದು ಹುಳ ಬಾಡಿ ಬಿತ್ತು. ಅದರ ಮೈಯಿಂದ ಅಕ್ಕಿಕಾಳಿನಂಥ ಬಿಳಿ ಗೂಡುಗಳು ಎದ್ದವು. ವಾರದೊಳಗೆ ಅವುಗಳಿಂದ ಸಣ್ಣ ಸಣ್ಣ ಕಣಜಗಳು ಹೊರಬಂದವು. ನಿಜವಾದ ಕಣಜಗಳು.

ಗಿರಿಜಾಳ ಮುಖ ಸಪ್ಪಗಾಯಿತು. ಗಿಡದ ಮೇಲಿದ್ದಾಗಲೇ ಯಾವುದೋ ಪರೋಪಜೀವಿ ಕಣಜ ಹುಳದ ಮೈಯೊಳಗೆ ತತ್ತಿ ಚುಚ್ಚಿತ್ತು. ಒಳಗಿನಿಂದ ತಿಂದು ಮುಗಿಸಿದ್ದವು. ಅವ್ವನಿಗೆ ಮಾತ್ರ ರೋಮಾಂಚನ.

"ಕಂಡಿರೇನು? ಕೀಡ್ಯಾಗಿಂದ ಕುಂಡಲಿ ಬಂತು! ಮಠದ ಅಪ್ಪಾರು ಸುಳ್ಳ ಹೇಳತಾರೇನು?"

"ಅದು ಧ್ಯಾನ ಅಲ್ಲರಿ ಅವ್ವಾರ, ಊಟ."

ಯಾರು ಕೇಳಬೇಕು. ಮರುದಿನ ಶಾಂತವ್ವ ಕಾಯಿ ತಂದಳು. ಅದರ ಮರುದಿನ ಓಣಿಯ ಹೆಂಗಸರೆಲ್ಲ ಬಂದರು. ಅವ್ವ ಪಂಜರವನ್ನು ಸ್ವತಃ ಎತ್ತಿ ದೇವರ ಕೋಣೆಯಲ್ಲಿಟ್ಟಳು, ಮುಂದೊಂದು ಊದಿನಕಡ್ಡಿ. ಊದಿನಕಡ್ಡಿಯ ಹೊಗೆಗೆ ಹುಳ ಸಾಯುತ್ತದೆಂದು ಗಿರಿಜಾ ಕೈ ಮುಗಿದ ಮೇಲೆ ಕಡ್ಡಿ ಹೋಗಿ ಹೂವು ಬಂತು. ಹೀಗೆ ನಮ್ಮ ಮನೆಯಲ್ಲಿ ವಿಜ್ಞಾನ ಗರ್ಭಗುಡಿ ಸೇರಿತು.

ಒಂದು ಸಂಜೆ ಅತ್ತೆ ಸೊಸೆ ಮೆಂತೆಪಲ್ಯ ಸೋಸುತ್ತ ಕುಳಿತಿದ್ದರು. ಅವ್ವನೇ ಕೇಳಿದಳು: "ಧ್ಯಾನ ಅಲ್ಲಂತಿ. ಹಂಗಾರ ಹುಳಕ್ಕ ದುಂಬಿ ವೇಷ ಕಲಿಸಿದವರ್ಯಾರು?"

"ಯಾರೂ ಕಲಿಸಿಲ್ಲರಿ. ಒಂದು ತಾಯಿಗೆ ನೂರಾರು ಮಕ್ಕಳು. ಎಲ್ಲಾ ಒಂದ ನಮೂನಿ ಇರೂದಿಲ್ಲ. ಒಂದರ ಹೊಟ್ಟಿ ತುಸು ದಪ್ಪ, ಒಂದರ ರೆಕ್ಕಿ ತುಸು ತೆಳ್ಳಗ. ಹಕ್ಕಿ ಬರತೈತಿ. ಯಾವುದು ಒಂದೀಟರ ದುಂಬಿಗತೆ ಕಾಣತೈತಿ, ಅದನ್ನ ಮುಟ್ಟಾಕ ಹಕ್ಕಿ ಅಂಜತೈತಿ. ಉಳಕಿ ಎಲ್ಲಾ ತಿಂತೈತಿ. ಬದುಕಿದ್ದಕ್ಕ ಮತ್ತ ಮಕ್ಕಳು. ಮತ್ತ ಹಕ್ಕಿ. ಲಕ್ಷಗಟ್ಟಲೆ ವರ್ಷ ಹಿಂಗ ನಡದೈತಿ."

ಅವ್ವ ಒಂದು ಸೂಡು ಮೆಂತೆ ಮುಗಿಯುವವರೆಗೆ ವಿಚಾರ ಮಾಡಿದಳು. "ಅಂದ್ರ ಹಕ್ಕೀನ ಗುರು ಅಂದಂಗಾತು."

"ಗುರು ಅಲ್ಲರಿ, ಪರೀಕ್ಷಕ. ನಪಾಸಾದವರನ್ನ ನುಂಗಿಬಿಡತೈತಿ."

"ಕೊಲ್ಲಾಪುರಕ್ಕ ನಿನಗೂ ಅಂಥಾ ಮಾಸ್ತರನ ಬರಾವ ಏನು?"

ಗಿರಿಜಾ ನಗಲಿಲ್ಲ. ಆ ಹೊತ್ತಿಗೆ ಉಳಿದ ಹುಳಗಳಲ್ಲಿ ಕೆಲವನ್ನು ಕಣಜ ತಿಂದಿತ್ತು, ಮಣ್ಣಿಗಿಳಿದ ಕೋಶಗಳಿಗೆ ಮಳೆಯ ಥಂಡಿಗೆ ಬೂಸ್ಟು ಹತ್ತಿತ್ತು. ಜೀವಂತವಾಗಿ ಉಳಿದದ್ದು ಒಂದೇ ಕೋಶ. ಪರೀಕ್ಷೆ ಹತ್ತಿರ ಬಂದಿತ್ತು, ಅನಂತದ ಮೇಲೆ ಹೊಸ ಹುಳ ಇರಲಿಲ್ಲ. ಆ ರಾತ್ರಿ ಊಟದ ತಟ್ಟೆ ಮುಂದಿಟ್ಟುಕೊಂಡು ಅವಳು ನನಗೆ ಮೆಲ್ಲಗೆ ಹೇಳಿದಳು: "ಒಮ್ಮಿ ಓದು ಬಿಟ್ಟೇನಿ. ಈ ಸಲ ಇದು ಕೈ ಬಿಟ್ಟರ ಇನ್ನೊಂದು ವರ್ಷ ಮಾಡಬೇಕಾಗತೈತಿ. ಇನ್ನೊಂದು ವರ್ಷ ನನ್ನ ಯಾರು ಕಳಸತಾರ?" ನಾನು ಕಳಿಸುತ್ತೇನೆ ಎಂದೆ. "ನೀವು ಕಳಸ್ತೀರಿ. ನನಗ ಧೈರ್ಯ ಬರಬೇಕಲ್ಲ," ಎಂದಳು.

ಭಾದ್ರಪದದ ಒಂದು ಬೆಳಿಗ್ಗೆ, ಅವ್ವ ಪೂಜೆಗೆ ಕುಳಿತಾಗ ಪಂಜರದ ಮಣ್ಣು ಅಲುಗಿತು.

"ಗಿರಿಜಾ, ಬಾರ! ಎದ್ದೈತಿ!"

ಗಿರಿಜಾ ಓಡಿ ಬಂದಳು. ಒಂದು ಕೈಯಲ್ಲಿ ಮುಚ್ಚಳದ ಬಾಟಲಿ, ಇನ್ನೊಂದರಲ್ಲಿ ಗಾಜಿನ ಪಟ್ಟಿಗಳ ಡಬ್ಬಿ. ನನಗೆ ತನ್ನ ಫೋನು ಕೊಟ್ಟು, "ವಿಡಿಯೋ ತಗೀರಿ, ಏನೂ ಬಿಡಬ್ಯಾಡ್ರಿ," ಎಂದಳು. ತೊಯ್ದ ಮುದ್ದೆಯಂಥ ಪ್ರಾಣಿ ಕಡ್ಡಿ ಹತ್ತಿ ಜೋತುಬಿತ್ತು. ಮುದುಡಿದ ರೆಕ್ಕೆ ನಿಧಾನಕ್ಕೆ ಇಳಿಬಿತ್ತು. ರೆಕ್ಕೆಯ ತುಂಬ ಬೂದು ಪುಡಿ. ಅವ್ವ ಪಂಜರಕ್ಕೂ ಬಾಟಲಿಗೂ ನಡುವೆ ಕುಳಿತಿದ್ದಳು. ಗಿರಿಜಾ ಹೊಸ್ತಿಲ ಮೇಲೆ ನಿಂತಿದ್ದಳು.

ಕೊನೆಗೆ ಅವ್ವ ತಿರುಗಿ ನೋಡದೆಯೇ ಹೇಳಿದಳು: "ಇದ ಬೇಕೇನು ನಿನಗ?"

"ಹೌದ್ರಿ."

"ಕೊಂದ ಬೇಕೇನು?"

ಗಿರಿಜಾ ಬಾಟಲಿಯನ್ನು ನೋಡಿದಳು, ಅವ್ವನ ಬೆನ್ನನ್ನು ನೋಡಿದಳು. ಆಮೇಲೆ ಬಾಟಲಿಯನ್ನು ಹೊಸ್ತಿಲ ಆಚೆ ಇಟ್ಟು ಒಳಗೆ ಬಂದು ಪಕ್ಕದಲ್ಲಿ ಕುಳಿತಳು. "ಪುಡಿ ಸಿಕ್ಕರ ಸಾಕಾಗಬಹುದ್ರಿ. ನೋಡೂಣು. ನೀವು ಅಲುಗಾಡಬ್ಯಾಡ್ರಿ."

ಪಂಜರದ ಬಾಯಿ ತೆರೆದು, ಅವ್ವನ ಮಡಿಲಲ್ಲಿ, ಕಪ್ಪು ಇಳಕಲ್ ಸೀರೆಯ ಮೇಲೆ, ಗಾಜಿನ ಪಟ್ಟಿಗಳನ್ನು ಜೋಡಿಸಿದಳು. ಪತಂಗ ಕಡ್ಡಿಯಿಂದ ಅವ್ವನ ಬೆರಳಿಗೆ ಏರಿತು. ಎಷ್ಟು ಹೊತ್ತು ಹಾಗೆ ಕುಳಿತರೋ. ಚಹಾದ ಬಟ್ಟಲು ಹಿಡಿದರೆ ಕೈ ನಡುಗುವ ಅವ್ವನ ಬೆರಳು ಅವತ್ತು ಕಂಬದ ಹಾಗೆ ನಿಂತಿತ್ತು. ಪತಂಗ ರೆಕ್ಕೆ ನಡುಗಿಸಲು ಹತ್ತಿತು. ನಡುಗು ಗುಂಯ್ ಎನ್ನುವ ನಾದವಾಯಿತು. ಬೆಳಕಿನ ಕೋಲಿನಲ್ಲಿ ಬೂದಿಯಂಥದ್ದು ಎದ್ದು ಗಾಜಿನ ಮೇಲೆ, ಸೀರೆಯ ಮೇಲೆ ಇಳಿಯಿತು. ರೆಕ್ಕೆಯ ಆಚೆಗೆ ಗೋಡೆ ಕಾಣಿಸಿತು. ಮೈಯೆಲ್ಲ ಎಲೆಹಸಿರು, ನಡುವಿಗೆ ಇಟ್ಟಂಗಿ ಬಣ್ಣದ ಪಟ್ಟಿ; ಗಾಜಿನ ರೆಕ್ಕೆ, ಗುಂಯ್‌ಗುಡುವ ಹಾರಾಟ ಮಾತ್ರ ಥೇಟ್ ದುಂಬಿ. ಎರಡು ಸುತ್ತು ಹಾಕಿ ಕಿಟಕಿಯಿಂದ ಹೋಯಿತು.

"ಶಿವನ, ಶಿವನ," ಎಂದಳು ಅವ್ವ. ತನ್ನ ಸೀರೆಯ ಮೇಲಿನ ಪುಡಿಯನ್ನು ಬೆರಳಿನಿಂದ ಮುಟ್ಟಿ, ಹಣೆಯವರೆಗೆ ಒಯ್ದು, ಮತ್ತೆ ಬೆರಳನ್ನು ಕಣ್ಣ ಹತ್ತಿರ ತಂದು ನೋಡಿದಳು. ಹಚ್ಚಿಕೊಳ್ಳಲಿಲ್ಲ. ಬಹಳ ಹೊತ್ತು ನೋಡಿದಳು.

ಪರೀಕ್ಷೆಯ ದಿನ ಅವ್ವನೂ ಕೊಲ್ಲಾಪುರಕ್ಕೆ ಹೊರಟು ನಿಂತಳು. "ಆ ಹಕ್ಕಿ ಹೆಂಗದಾನ ನೋಡಬೇಕು," ಎಂಬುದಷ್ಟೇ ಕಾರಣ. ನಾವಿಬ್ಬರೂ ಕಾಲೇಜಿನ ಪಡಸಾಲೆಯ ಬೆಂಚಿನ ಮೇಲೆ ಕುಳಿತೆವು. ಒಳಗಿನಿಂದ ಮರಾಠಿ, ಇಂಗ್ಲಿಷ್ ತೇಲಿಬರುತ್ತಿತ್ತು. ಬಹಳ ಹೊತ್ತಿನ ಮೇಲೆ ಸಿಪಾಯಿ ಬಂದು, ಗಿರಿಜಾ ಮೇಡಂ ಅವರ ಯಜಮಾನರನ್ನು ಕರೆಯುತ್ತಿದ್ದಾರೆ ಎಂದ.

ಪರೀಕ್ಷಕರು ಮಿರಜ ಕಡೆಯ ಹಿರಿಯರು. ಕನ್ನಡ ತಿಳಿಯುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ಸೂಕ್ಷ್ಮದರ್ಶಕದ ಅಡಿ ಗಾಜಿನ ಪಟ್ಟಿ ಇತ್ತು. ಗಾಜಿನ ರೆಕ್ಕೆಯ ಮೇಲೆ ಪುಡಿ ಕೂತಿದ್ದ ಕುಳಿಗಳನ್ನು, ಅಂಚಿನಲ್ಲಿ ಇನ್ನೂ ಉಳಿದ ನಾಲ್ಕಾರು ಕಣಗಳನ್ನು ಗಿರಿಜಾ ತೋರಿಸಿದ್ದಳು. ಪಟ್ಟಿಯ ಮೇಲಿನ ಕಣಗಳಿಗೂ ಅವಕ್ಕೂ ಹೋಲಿಕೆ ಇತ್ತು. ಅವರು ಅರ್ಧ ಒಪ್ಪಿದ್ದರು. ಆದರೆ ಪುಡಿ ಇದೇ ಜಾತಿಯ ಪತಂಗದಿಂದ ಉದುರಿದ್ದೆಂದು ಹೇಗೆ ನಂಬುವುದು, ಯಾವುದೇ ದೀಪದ ಹುಳದ್ದನ್ನೂ ಝಾಡಿಸಬಹುದಲ್ಲ ಎಂಬುದು ಅವರ ತಕರಾರು. ಗಿರಿಜಾ ವಿಡಿಯೋ ತೋರಿಸಿದ್ದಾಳೆ. ಅದರಲ್ಲಿ ಮೊದಲಿನಿಂದ ಕೊನೆಯವರೆಗೆ ಕೆಂಪಗೆ ಹೊಳೆಯುವ ಒಂದು ಗುಡ್ಡ.

"ಹಾ ಅಂಗಠಾ ಆಪಲಾ?" ಎಂದು ಕೇಳಿದರು ಅವರು.

ಹೆಬ್ಬೆರಳನ್ನು ನಾನು ಗುರುತಿಸಿದೆ. ಹೌದು, ನನ್ನದೇ. ಮನೆಯಲ್ಲಿ ತೆರೆದು ನೋಡುವಷ್ಟು ಸಮಾಧಾನ ಯಾರಿಗೂ ಇರಲಿಲ್ಲ. ಗಿರಿಜಾ ನನ್ನ ಕಡೆ ನೋಡಿದ ನೋಟವನ್ನು ವರ್ಗೀಕರಿಸಲು ನನಗೆ ಈವರೆಗೂ ಆಗಿಲ್ಲ. ವಿಡಿಯೋ ಓಡುತ್ತಲೇ ಇತ್ತು, ಗುಂಯ್ ಎಂಬ ನಾದ, ಆಮೇಲೆ "ಶಿವನ, ಶಿವನ."

"ಹಾ ಆವಾಜ ಕೋಣಾಚಾ?" ಈ ದನಿ ಯಾರದು?

"ನಮ್ಮ ಅತ್ತೀದ್ರಿ," ಎಂದಳು ಗಿರಿಜಾ, ಗಾಬರಿಯಲ್ಲಿ ಕನ್ನಡದಲ್ಲೇ. "ಹೊರಗ ಕುಂತಾರ."

ಮೌಖಿಕ ಪರೀಕ್ಷೆಗೆ ಅತ್ತೆಯನ್ನು ಕರೆಯಬಹುದೆಂದು ಯಾವ ವಿದ್ಯಾಪೀಠದ ನಿಯಮವೂ ಹೇಳುವುದಿಲ್ಲ, ಕರೆಯಬಾರದೆಂದೂ ಹೇಳಿರಲಾರದು. ಅವರು ಕನ್ನಡಕ ತೆಗೆದು ಒರೆಸಿ, "ಬೋಲವಾ," ಎಂದರು. ಕರೆಯಿರಿ.

ಕೀಡಿ ಧ್ಯಾನ ಮಾಡಿ ಕುಂಡಲಿಯಾಯಿತೆಂದು ಎರಡು ತಿಂಗಳು ಓಣಿಗೆಲ್ಲ ಸಾರಿದವಳು ಅವ್ವ. ಅದನ್ನೇ ಇಲ್ಲಿ ಹೇಳಿದರೆ ಗಿರಿಜಾಳ ವರ್ಷ ಅಲ್ಲಿಗೆ ಮುಗಿಯಿತು. ಅವ್ವ ಸೆರಗು ಸರಿಮಾಡಿಕೊಂಡು ಬಂದಳು, ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಆಜೀ, ತುಮ್ಹೀ ಕಾಯ ಪಾಹಿಲಂ?" ನೀವು ಏನು ನೋಡಿದಿರಿ?

ಅವ್ವ ಗಿರಿಜಾಳ ಕಡೆ ನೋಡಲಿಲ್ಲ. ಮೇಜಿನ ಮೇಲಿನ ಗಾಜಿನ ರೆಕ್ಕೆಯನ್ನು ನೋಡಿದಳು.

"ಸಾಹೇಬ್ರ, ಅದು ನನ್ನ ಬೆರಳ ಮ್ಯಾಲ ಕುಂತಿತ್ತು. ಬಂದಾಗ ರೆಕ್ಕಿ ಹಿಂಗ ಇದ್ದಿಲ್ಲ. ಮೈತುಂಬ ಪುಡಿ. ಬಡಕೊಂಡ ಕೂಡ್ಲೆ ಪುಡಿ ಎಲ್ಲಾ ನನ್ನ ಸೀರಿ ಮ್ಯಾಲ ಬಿತ್ತು, ಈಕಿ ಗಾಜಿನ ಮ್ಯಾಲ ಬಿತ್ತು. ಹಿಂದ ಗ್ವಾಡಿ ಕಂಡಿತು." ಮೇಜಿನ ರೆಕ್ಕೆಗೆ ಬೆರಳು ತೋರಿಸಿದಳು. "ದುಂಬಿ ರೆಕ್ಕಿಗೆ ಪುಡಿ ಇರೂದಿಲ್ಲರಿ. ನಾ ಹಳ್ಳಿಯಾಕಿ, ದುಂಬಿ ಕಂಡೇನಿ. ಪುಡಿ ಇರೂದು ಪತಂಗಕ್ಕ. ಅದು ದುಂಬಿ ಅಲ್ಲ, ಪತಂಗನ."

ಪರೀಕ್ಷಕರು ತಲೆ ಅಲ್ಲಾಡಿಸಿ ಏನೋ ಬರೆದುಕೊಂಡರು.

"ಆದ್ರ," ಎಂದಳು ಅವ್ವ. ನಾನು ಕಣ್ಣು ಮುಚ್ಚಿದೆ. "ದುಂಬಿ ಆಗಬೇಕಂತ ಅದಕ್ಕ ಮನಸ್ಸೈತ್ರಿ. ಅದೊಂದು ಮಾತು ನಾ ಬಿಡೂದಿಲ್ಲ."

ಅವರು ಲೇಖನಿ ಕೆಳಗಿಟ್ಟು ನಕ್ಕರು. ಆಮೇಲೆ ಗಿರಿಜಾಳಿಗೆ ಅದೇ ಮಾತನ್ನು ಪ್ರಶ್ನೆಯಾಗಿ ಕೇಳಿದರಂತೆ: ಪತಂಗಕ್ಕೆ ಮನಸ್ಸಿಲ್ಲದೆ ವೇಷ ಹೇಗೆ ಬಂತು? ನಮ್ಮಿಬ್ಬರನ್ನು ಹೊರಗೆ ಕಳಿಸಿದ್ದರು; ಬಾಗಿಲ ಸಂದಿಯಿಂದ ಗಿರಿಜಾಳ ದನಿ ಕೇಳುತ್ತಿತ್ತು, ಹಕ್ಕಿ ಬರುತ್ತದೆ, ಮತ್ತೆ ಹಕ್ಕಿ ಬರುತ್ತದೆ, ನಡುಕವಿಲ್ಲದ ಮರಾಠಿಯಲ್ಲಿ. ಮೆಂತೆಪಲ್ಯ ಸೋಸುವಾಗ ತಾಲೀಮು ಆಗಿಹೋಗಿತ್ತು.

ಪಾಸಾದಳು. ಈಗ ಇಲ್ಲಿಯದೇ ಒಂದು ಜ್ಯೂನಿಯರ್ ಕಾಲೇಜಿನಲ್ಲಿ ಕಲಿಸುತ್ತಾಳೆ. ನಾನು ಈ ಬರಹದಲ್ಲಿ ಯಾರ ಯಾರ ಉಪಕಾರ ನೆನೆಯಬೇಕೋ ಲೆಕ್ಕ ಹತ್ತುವುದಿಲ್ಲ: ಬಟ್ಟೆ ಕಳಿಸಿದ ಅವಳ ಅಣ್ಣ, ನಕ್ಕ ಆ ಮುದುಕಿ, ನಿಯಮ ನೋಡದ ಆ ಪರೀಕ್ಷಕರು. ಆದರೆ ಎಲ್ಲಕ್ಕಿಂತ ದೊಡ್ಡದು ಮರುದಿನ ಬೆಳಿಗ್ಗೆ ನಡೆದದ್ದು. ಯಾರೂ ಹೇಳದೆ, ಅವ್ವ ಓಣಿಯ ಕಟ್ಟೆಗೆ ಹೋಗಿ ಕುಳಿತು, ಬಂದು ಹೂವೇರಿಸಿದ್ದ ಹೆಂಗಸರನ್ನೆಲ್ಲ ಕರೆದು, ತಾನು ಹೇಳಿದ್ದು ತಪ್ಪು, ಅದು ಹುಟ್ಟಾ ಪತಂಗ, ಮೊದಲು ಬಂದ ಕಣಜಗಳು ಹುಳವನ್ನು ತಿಂದು ಬಂದವು, ಎಂದಳು. ಎಪ್ಪತ್ತು ದಾಟಿದ ನಮ್ಮವ್ವ ತನ್ನ ಮಾತನ್ನು ಕಟ್ಟೆಯ ಮೇಲೆ ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಶಾಂತವ್ವನಿಗೆ ಬೇಜಾರಾಯಿತು.

"ಹಂಗಾರ ಗೌರವ್ವ, ನಾವು ಅಷ್ಟು ಮಂದಿ ಕೈ ಮುಗದದ್ದು, ಕಾಯಿ ಒಡದದ್ದು, ಎಲ್ಲಾ ದಂಡ ಆತೇನವಾ?"

"ಯಾಕ ದಂಡ?" ಎಂದಳು ಅವ್ವ. "ಗಿರಿಜಾ ಪಾಸಾಗ್ಯಾಳಲ್ಲ. ಎಲ್ಲೆರ ಮುಟ್ಟಬೇಕಿತ್ತು, ಮುಟ್ಟೈತಿ."